ಎಲೆಕೋಣೆಯ ಮಾವಿನಹಣ್ಣು

ಬಬಲೇಶ್ವರದ ಶಿವಯೋಗೆಪ್ಪನ ಮನೆಯಲ್ಲಿ ಮೈಲಿಗೆ ಎಂಬುದಿಲ್ಲ ಎಂದು ಊರಿಗೆಲ್ಲ ಗೊತ್ತಿತ್ತು. ಕೊರಳಲ್ಲಿ ಲಿಂಗವಿದ್ದವರಿಗೆ ಎಲ್ಲಿಯ ಸೂತಕ ಎಂದು ಅವನೇ ಕಟ್ಟೆಯ ಮೇಲೆ ಕೂತು ಹತ್ತು ಜನರ ಮುಂದೆ ಹೇಳುತ್ತಿದ್ದ. ಮನೆಯ ಹೆಂಗಸರು ಮುಟ್ಟಾದರೂ ಒಲೆ ಹಚ್ಚುತ್ತಿದ್ದರು, ನೀರು ತರುತ್ತಿದ್ದರು, ಪೂಜೆಯನ್ನೂ ಬಿಡುತ್ತಿರಲಿಲ್ಲ. ಆದರೆ ಬಾವಿಯಾಚೆ ಇದ್ದ ವೀಳ್ಯದೆಲೆ ಬಳ್ಳಿಯ ತೋಟಕ್ಕೆ ಯಾರೂ ಲಿಂಗ ಕಟ್ಟಿರಲಿಲ್ಲ. ಅಲ್ಲಿ ಬೇರೆಯೇ ಕಾಯ್ದೆ. ಚಪ್ಪಲಿಯನ್ನು ಬೇಲಿಯ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಮುಟ್ಟಾದ ಹೆಂಗಸು ಬೇಲಿಯ ಹತ್ತಿರವೂ ಸುಳಿಯಬಾರದು, ಕೊಯ್ದು ತಂದ ಎಲೆಯನ್ನೂ ಮುಟ್ಟಬಾರದು. ಮುಟ್ಟಿದರೆ ಎಲೆ ಹಳದಿಯಾಗಿ ಕೊಳೆಯುತ್ತದೆ, ಬಳ್ಳಿ ಸೊರಗುತ್ತದೆ. ಇದನ್ನು ಕಣ್ಣಾರೆ ಕಂಡವರು ಯಾರು ಎಂದರೆ ಎಲ್ಲರೂ ತಮ್ಮ ತಮ್ಮ ಅಜ್ಜನ ಹೆಸರು ಹೇಳುತ್ತಿದ್ದರು. ಸತ್ತವರನ್ನು ಎಬ್ಬಿಸಿ ಕೇಳುವುದಾದರೂ ಹೇಗೆ?

ಶಂಕ್ರೆವ್ವ ಆ ಮನೆಗೆ ಸೊಸೆಯಾಗಿ ಬಂದಾಗ ನಾಡು ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಅವಳ ತವರು ತಿಕೋಟಾ ಕಡೆಯ ಬಿಜ್ಜರಗಿ. ಅಲ್ಲಿ ಆಡು ಕುರಿ ಬಿಟ್ಟರೆ ಮಳೆಗೆ ಬಾಯಿ ತೆರೆದು ಕೂತ ಒಣಬೇಸಾಯದ ಹೊಲ. ಹಾಗಾಗಿ ಅತ್ತೆ ಕಾಳವ್ವ ಅವಳನ್ನು ಮೊದಲ ಸಲ ಎಲೆಕೋಣೆಗೆ ಕರೆದುಕೊಂಡು ಹೋದಾಗ ಹುಡುಗಿ ಬೆರಗಾಗಿ ನಿಂತುಬಿಟ್ಟಳು. ನಡುಮನೆಯ ಹಿಂದೆ, ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆಯ ಕತ್ತಲೆ ಕೋಣೆ ಅದು. ಹೊರಗೆ ಬಿಸಿಲು ಉರಿಯುತ್ತಿದ್ದರೂ ಒಳಗೆ ತಂಪು. ಒದ್ದೆ ಗೋಣಿತಟ್ಟಿನ ಮೇಲೆ ಎಲೆಯ ರಾಶಿ, ಮೂಗಿಗೆ ಖಾರವಾಗಿ ಏರುವ ಹಸಿರು ವಾಸನೆ. ಎಲೆಯನ್ನು ಒಂದರ ಮೇಲೊಂದು ಜೋಡಿಸಿ, ಹರಿದದ್ದನ್ನು ತೆಗೆದು, ಕಟ್ಟು ಕಟ್ಟಿ, ಬಾಳೆಲೆ ಹಾಸಿದ ಬುಟ್ಟಿಯಲ್ಲಿ ತುಂಬುವುದು ಸೊಸೆಯ ಕೆಲಸವಾಯಿತು. ಬೆಳಗಿನ ಬಸ್ಸಿಗೆ ಬುಟ್ಟಿಗಳು ವಿಜಾಪುರಕ್ಕೆ, ಸೈಫುದ್ದೀನನ ಎಲೆ ಅಂಗಡಿಗೆ ಹೋಗುತ್ತಿದ್ದವು.

ಆ ಕೆಲಸ ಅವಳಿಗೆ ಸೇರಿತು. ಕೈ ಬಲು ಹಗುರ. ತಿಂಗಳಲ್ಲಿ ಆ ದಿನಗಳು ಬಂದಾಗ ಹೇಳದೇ ಕೇಳದೇ ಕೋಣೆಯ ಹೊಸ್ತಿಲಿನಿಂದ ದೂರ ಉಳಿದು ಜೋಳ ಬೀಸುತ್ತಿದ್ದಳು. ಅತ್ತೆ ಲೆಕ್ಕ ಇಟ್ಟುಕೊಳ್ಳುತ್ತಿದ್ದಳು, ಲೆಕ್ಕ ತಪ್ಪುತ್ತಿರಲಿಲ್ಲ. ಗಂಡ ಧೂಳಪ್ಪ ಒಳ್ಳೆಯವನು. ಒಳ್ಳೆಯವನು ಎಂದರೆ, ಅವ್ವ ಹೇಳಿದ್ದನ್ನು ಮೀರದವನು. ನಮ್ಮ ಕಡೆ ಈ ಎರಡೂ ಒಂದೇ ಎಂದು ತಿಳಿದಿದ್ದೇವೆ.

ಬಾವಿಯ ಬದಿಗೆ ಒಂದು ಮಾವಿನ ಮರವಿತ್ತು. ಕಾಳವ್ವ ತನ್ನ ತವರು ಘೋಣಸಗಿಯಿಂದ ಗೊರಟೆ ತಂದು ಊರಿ, ಗಂಡನ ಬೈಗುಳ ತಿಂದು ನೀರು ಹಾಕಿ ಬೆಳೆಸಿದ ಮರ. ವರ್ಷವರ್ಷ ಹತ್ತು ಕಾಯಿ ಬಿಟ್ಟು ಉಪ್ಪಿನಕಾಯಿಗೆ ಮುಗಿದುಹೋಗುತ್ತಿತ್ತು. ಶಂಕ್ರೆವ್ವ ಬಂದ ಮರುವರ್ಷ ಅದಕ್ಕೆ ಏನು ಹುರುಪು ಬಂತೋ, ಟೊಂಗೆ ನೆಲ ಮುಟ್ಟುವಂತೆ ಕಾಯಿ ಹಿಡಿಯಿತು. ಕಾಳವ್ವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಿಜಾಪುರದಲ್ಲಿ ಕಚೇರಿ ನೌಕರನಿಗೆ ಕೊಟ್ಟ ಮಗಳು ರಾಚವ್ವನಿಗೆ ಹೇಳಿ ಕಳಿಸಿದಳು: ಅಳಿಯನನ್ನು ಕರೆದುಕೊಂಡು ಬಾ, ಈ ವರ್ಷ ಮನೆಯ ಹಣ್ಣಿನ ಸೀಕರಣಿ.

ಕಾಯಿ ಹಣ್ಣಾಗಬೇಕಲ್ಲ. ನೆಲಕ್ಕೆ ಒಣಹುಲ್ಲು ಹಾಸಿ, ಮೇಲೆ ಕಾಯಿ, ಮತ್ತೆ ಹುಲ್ಲು, ಮತ್ತೆ ಕಾಯಿ, ಎಲ್ಲದರ ಮೇಲೆ ಗೋಣಿತಟ್ಟು ಮುಚ್ಚಿ ಬಿಡುವುದಕ್ಕೆ ಅಲ್ಲಿ ಅಡಿ ಹಾಕುವುದು ಎನ್ನುತ್ತಾರೆ. ಓಣಿಯ ಹುಡುಗರ ಕೈಗೆ ಸಿಗಬಾರದು, ಬಿಸಿಲು ತಾಗಬಾರದು, ಬಾಗಿಲು ಹಾಕಿಡಲು ಬರಬೇಕು. ಅಂಥ ಜಾಗ ಮನೆಯಲ್ಲಿ ಒಂದೇ. ಕಾಳವ್ವ ಎಲೆಕೋಣೆಯ ಮೂಲೆಯಲ್ಲಿ ಅಡಿ ಹಾಕಿದಳು.

ಐದಾರು ದಿನಕ್ಕೆ ಕೋಣೆಯ ವಾಸನೆಯೇ ಬದಲಾಯಿತು. ಎಲೆಯ ಖಾರದ ಮೇಲೆ ಹಣ್ಣಿನ ಸಿಹಿ ಬಂದು ಕೂತಿತು. ಶಂಕ್ರೆವ್ವ ಹುಲ್ಲಿನೊಳಗೆ ಕೈ ಹಾಕಿದರೆ ಬೆಚ್ಚಗೆ ಹತ್ತುತ್ತಿತ್ತು, ಕರುವಿನ ಹೊಟ್ಟೆ ಮುಟ್ಟಿದ ಹಾಗೆ. ಅಡಿ ಒಳಗೊಳಗೇ ಉಸಿರಾಡುತ್ತಿತ್ತು. ಮುಚ್ಚಿದ ಕೋಣೆಯಲ್ಲಿ ಆ ಉಸಿರು ಹೋಗುವುದಾದರೂ ಎಲ್ಲಿಗೆ? ಗೋಡೆಗೆ ಅಂಟಿತು, ಒದ್ದೆ ತಟ್ಟಿಗೆ ಅಂಟಿತು, ಅವಳ ಸೀರೆಗೂ ಅಂಟಿತು. ರಾತ್ರಿ ಧೂಳಪ್ಪ ಅವಳ ಸೆರಗು ಮೂಸಿ ನಕ್ಕ.

"ನೀನೂ ಅಡ್ಯಾಗ ಬಿದ್ದು ಹಣ್ಣಾಗೀಯೇನ?"

ಅವಳೂ ನಕ್ಕಳು. ನಗುವುದಕ್ಕೆ ಅವಳಿಗೆ ಬೇರೆ ಕಾರಣವೂ ಇತ್ತು. ಆ ತಿಂಗಳು ದಿನ ಮೀರಿತ್ತು. ಯಾರಿಗೂ ಹೇಳಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಬಾಯಿ ಬಿಡಬೇಡ, ದೃಷ್ಟಿ ಬೀಳುತ್ತದೆ ಎಂದು ತವರಿನಲ್ಲಿ ಅವ್ವ ಹುಚ್ಚವ್ವ ಮದುವೆಗೆ ಮೊದಲೇ ಕಿವಿಯಲ್ಲಿ ಹೇಳಿ ಕಳಿಸಿದ್ದಳು. ಗಂಡನಿಗೂ ಹೇಳದೆ ಆ ಸುಖವನ್ನು ಒಬ್ಬಳೇ ಹೊಟ್ಟೆಯಲ್ಲಿ ಇಟ್ಟುಕೊಂಡು ಎಲೆ ಜೋಡಿಸಿದಳು.

ಮೊದಲ ಬುಟ್ಟಿ ತಿರುಗಿ ಬಂದದ್ದು ಆ ವಾರದಲ್ಲೇ. ವಿಜಾಪುರಕ್ಕೆ ಹೋಗಿದ್ದ ಶಿವಯೋಗೆಪ್ಪ ಸಂಜೆಯ ಬಸ್ಸಿಗೆ ಇಳಿದು ಬಂದವನೇ ಬುಟ್ಟಿಯನ್ನು ಪಡಸಾಲೆಯಲ್ಲಿ ಬೋರಲು ಹಾಕಿದ. ಅರ್ಧಕ್ಕರ್ಧ ಎಲೆ ಹಳದಿ. ತೊಟ್ಟುಗಳು ಕಳಚಿ ಬೇರೆಯೇ ಬಿದ್ದಿದ್ದವು.

"ಬಜಾರ ತುಂಬ ಮಂದಿ ಮುಂದ ಸೈಫುದ್ದೀನ ಮೂಸಿ ನೋಡಿ ನಗತಾನ. ಶಿವಯೋಗೆಪ್ಪಣ್ಣ, ಎಲಿ ಕಳಿಸೀಯೋ ಮಾವಿನಹಣ್ಣ ಕಳಿಸೀಯೋ ಅಂತಾನ. ನಮ್ಮಪ್ಪನ ಕಾಲದಿಂದ ಈ ಮನಿ ಎಲಿಗೆ ಇಂಥಾ ಮಾತ ಬಂದಿದ್ದಿಲ್ಲ" ಎಂದು ಹಲ್ಲು ಕಡಿದ.

ನೋಡಿ, ಸತ್ಯ ಆ ದಿನವೇ ಬಸ್ಸು ಹತ್ತಿ ಮನೆಗೆ ಬಂದಿತ್ತು. ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಬಿದ್ದಿತ್ತು. ಆದರೆ ಶಿವಯೋಗೆಪ್ಪನಿಗೆ ಕೇಳಿಸಿದ್ದು ಚೇಷ್ಟೆ ಮಾತ್ರ. ಕಾಳವ್ವನಿಗೆ ಕಂಡದ್ದು ಹಳದಿ ಮಾತ್ರ. ಅವಳು ಎಲೆಯಿಂದ ಕಣ್ಣು ಎತ್ತಿ ಸೊಸೆಯ ಕಡೆ ನೋಡಿದಳು.

ಎರಡನೆಯ ಬುಟ್ಟಿಯೂ ಹಾಗೇ ಆಯಿತು. ಅವತ್ತು ಅತ್ತೆ ಒಲೆಯ ಮುಂದೆ ಕೂತು, ರೊಟ್ಟಿ ತಟ್ಟುವ ಸೊಸೆಯ ಕೈ ನಿಲ್ಲಿಸಿ ಕೇಳಿದಳು.

"ಈ ತಿಂಗಳ ನೀ ಎಲಿಕೋಣಿ ಬಿಟ್ಟು ಕುಂತದ್ದು ನಾ ನೋಡಲಿಲ್ಲ."

"ಆಗಿಲ್ರಿ ಅತ್ತಿ."

"ಆಗಿಲ್ಲಂದ್ರ? ದಿನಾ ದಾಟಿ ಹೋಗ್ಯಾವ."

ತವರಿನ ಅವ್ವನ ಮಾತು ಶಂಕ್ರೆವ್ವನ ನಾಲಿಗೆಯನ್ನು ಹಿಡಿದಿತ್ತು. ಸುಮ್ಮನಿದ್ದವಳು ತಪ್ಪಿತಸ್ಥಳು ಎಂಬ ನ್ಯಾಯ ಆ ಅಡಿಗೆಮನೆಯಲ್ಲಿ ಅಲ್ಲಿಯೇ ತೀರ್ಮಾನವಾಯಿತು. ಕಾಳವ್ವ ಎದ್ದು ಹೋಗಿ ಎಲೆಕೋಣೆಗೆ ಚಿಲಕ ಹಾಕಿದಳು. ಒಳಗೆ ಅಡಿ ಇನ್ನಷ್ಟು ಬೆಚ್ಚಗಾಯಿತು.

ರಾತ್ರಿ ಶಂಕ್ರೆವ್ವ ತಾನು ಬಸುರಿ ಎಂದು ಗಂಡನಿಗೆ ಹೇಳಿದಳು. ಧೂಳಪ್ಪನ ಮುಖ ಒಂದು ಗಳಿಗೆ ಅರಳಿತು. ಬೆಳಿಗ್ಗೆ ಅವನು ಅವ್ವನಿಗೆ ಹೇಳಿದ. ಅವ್ವ ಹಿತ್ತಲಲ್ಲಿ ಮುಸುರೆ ತಿಕ್ಕುತ್ತಿದ್ದವಳು ತಲೆ ಎತ್ತಲಿಲ್ಲ.

"ಮೊದಲ ಯಾಕ ಹೇಳಲಿಲ್ಲ? ಸಿಕ್ಕ ಬಿದ್ದ ಮ್ಯಾಲ ಬಸರಾದ್ಲ?"

ಧೂಳಪ್ಪ ತೋಟಕ್ಕೆ ಹೋದ.

ಆಮೇಲೆ ಆದದ್ದನ್ನು ಹೇಳುವಾಗ ನನಗೆ ಆ ದೇವರ ಮೇಲೂ ಸಿಟ್ಟು ಬರುತ್ತದೆ. ನಾಲ್ಕು ದಿನ ಕಳೆದಿರಬೇಕು, ಬಾವಿಯಿಂದ ಕೊಡ ಹೊತ್ತು ಬರುವಾಗ ಶಂಕ್ರೆವ್ವನಿಗೆ ಹೊಟ್ಟೆ ಹಿಂಡಿತು. ಮನೆ ಮುಟ್ಟುವಷ್ಟರಲ್ಲಿ ಸೀರೆ ಒದ್ದೆಯಾಗಿತ್ತು. ಹೋಗುತ್ತಿದ್ದದ್ದು ಕೂಸು. ಆದರೆ ಕಾಳವ್ವನ ಕಣ್ಣಿಗೆ ಅದು ಮುಟ್ಟು ಮುಚ್ಚಿಟ್ಟದ್ದರ ರುಜುವಾತು.

"ನೋಡ್ರಿ, ಬಸರ ಅಂದಿದ್ಲು" ಎಂದು ಅವಳು ಗಂಡನಿಗೆ ಹೇಳಿದ್ದು ಗೋಡೆಯಾಚೆ ಮಲಗಿದ್ದ ಶಂಕ್ರೆವ್ವನಿಗೆ ಕೇಳಿಸಿತು. ಅವಳು ಬಾಯಲ್ಲಿ ಸೆರಗು ತುರುಕಿಕೊಂಡು ಅತ್ತಳು. ಆ ಸೆರಗಿನಲ್ಲಿ ಇನ್ನೂ ಮಾವಿನ ವಾಸನೆ ಇತ್ತು.

ಮನೆಯ ಗುರುಗಳಾದ ಗುರುಪಾದಯ್ಯನವರನ್ನು ಕರೆಸಿದರು. ಅಯ್ಯನವರು ಕೆಟ್ಟವರಲ್ಲ. ತೋಟಕ್ಕೆ ವಿಭೂತಿ ನೀರು ಚಿಮುಕಿಸಿ, ಪಡಸಾಲೆಯಲ್ಲಿ ಕೂತು ಮೆಲ್ಲಗೆ ಹೇಳಿದರು.

"ಯಾರ್ದೂ ತಪ್ಪ ಅಲ್ಲ ಶಿವಯೋಗೆಪ್ಪ. ತ್ವಾಟ ಸುಧಾರಸೂತನಕ ಹುಡಿಗಿ ತವರಮನ್ಯಾಗ ಇರ್ಲಿ."

ಯಾರದೂ ತಪ್ಪಲ್ಲ ಎಂದು ಹೇಳುವವರೇ ಒಬ್ಬರನ್ನು ಹೊರಗೆ ಕಳಿಸುತ್ತಾರೆ. ಬಿಜ್ಜರಗಿಯಿಂದ ಅಪ್ಪ ಸಿದ್ದರಾಯ ಬಂದ. ಬೀಗರ ಮುಂದೆ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ, ಮಗಳ ಟ್ರಂಕು ಹೊತ್ತ. ಬಸ್ಸಿನ ತನಕ ಬಂದ ಧೂಳಪ್ಪ ಕಿಟಕಿಯ ಹತ್ತಿರ ನಿಂತು, "ಎಲಿ ಸುಧಾರಿಸ್ಲಿ, ಕರಕೊಂಡ ಹೋಗಾಕ ಬರ್ತೀನಿ" ಎಂದ.

ಎಲೆ ಸುಧಾರಿಸಿತು. ಸುಧಾರಿಸದೇ ಏನು? ಅವಳು ಹೊರಟ ಎರಡು ದಿನಕ್ಕೆ ರಾಚವ್ವ ಗಂಡನೊಡನೆ ಬಂದಳು. ಸೀಕರಣಿ ಮಾಡಿದರು, ಹೋಳಿಗೆಯ ಜೊತೆಗೆ ಬಡಿಸಿದರು, ಓಣಿಗೂ ಹಂಚಿದರು. ಅಡಿ ಬರಿದಾಯಿತು, ಹುಲ್ಲನ್ನು ದನಕ್ಕೆ ಹಾಕಿದರು, ಕೋಣೆಯನ್ನು ಸಾರಿಸಿದರು. ಮುಂದಿನ ಬುಟ್ಟಿಯ ಎಲೆ ವಿಜಾಪುರದ ಬಜಾರದಲ್ಲಿ ಗಿಳಿಹಸಿರಾಗಿ ನಳನಳಿಸಿತು. ಇನ್ನೇನು ಬೇಕು? ಸೊಸೆ ಹೋದಳು, ಎಲೆ ಹಸಿರಾಯಿತು. ಊರಿಗೆ ಊರೇ ತಲೆದೂಗಿತು. ಈ ಸುದ್ದಿ ಬಿಜ್ಜರಗಿಗೂ ಬಂದು ಮುಟ್ಟಿತು, ಧೂಳಪ್ಪ ಮಾತ್ರ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಅವನಿಗೆ ಎರಡನೆಯ ಮದುವೆಯಾಯಿತು. ಹೆಂಡತಿ ಇರುವಾಗ ಇನ್ನೊಬ್ಬಳನ್ನು ತರಬಾರದೆಂದು ದಿಲ್ಲಿಯಲ್ಲಿ ಕಾಯ್ದೆ ಆಗಿತ್ತಂತೆ. ಆ ಕಾಯ್ದೆ ಬಬಲೇಶ್ವರದ ಬಸ್ಸು ಹತ್ತಿರಲಿಲ್ಲ.

ಎಲ್ಲಕ್ಕಿಂತ ಕಹಿಯಾದದ್ದು ಇದಲ್ಲ. ಎಲ್ಲಕ್ಕಿಂತ ಕಹಿಯಾದದ್ದೆಂದರೆ, ಶಂಕ್ರೆವ್ವ ತಾನೂ ಅದನ್ನು ನಂಬಿದಳು. ತಾನು ಹೋದ ಮೇಲೆ ಎಲೆ ಸುಧಾರಿಸಿತಲ್ಲ! ತನ್ನ ಮೈಯಲ್ಲೇ ಏನೋ ಕೆಡುಕಿದೆ, ಎಲೆಯನ್ನು ಕೊಂದದ್ದೂ ಅದೇ, ಹೊಟ್ಟೆಯೊಳಗಿನ ಕೂಸನ್ನು ಕೊಂದದ್ದೂ ಅದೇ ಎಂದು ಅವಳ ಮನಸ್ಸು ಗಟ್ಟಿ ಮಾಡಿಕೊಂಡಿತು. ಅಪ್ಪನ ಕುರಿ ಕಾದಳು, ಕೂಲಿಗೆ ಹೋದಳು. ಆದರೆ ಎಲೆಯನ್ನು ಮುಟ್ಟಲಿಲ್ಲ. ಮದುವೆ ಮನೆಗಳಲ್ಲಿ ಎಲೆಅಡಿಕೆಯ ತಟ್ಟೆ ಬಂದರೆ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದು ಹೋಗುತ್ತಿದ್ದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು ಅವಳಿಗೆ.

ಎರಡು ಬೇಸಿಗೆ ಹೀಗೆ ಹೋದವು. ಮೂರನೆಯ ಬೇಸಿಗೆಯಲ್ಲಿ ತಮ್ಮ ರಾಮಲಿಂಗನಿಗೆ ಹೆಣ್ಣು ಗೊತ್ತಾಯಿತು. ನಿಶ್ಚಯಕ್ಕೆ ಬೀಗರು ಬರುವವರಿದ್ದರು. ಹುಚ್ಚವ್ವ ತಿಕೋಟಾದ ಸಂತೆಯಿಂದ ಒಂದು ಬುಟ್ಟಿ ಮಾಗಿದ ಮಾವಿನಹಣ್ಣು ತಂದಳು, ವೀಳ್ಯಕ್ಕೆಂದು ಎಲೆಯನ್ನೂ ತಂದಳು. ಎಲೆ ಬಾಡದಿರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಹಣ್ಣಿನ ಬುಟ್ಟಿಯೊಳಗೇ ಹುಲ್ಲಿನಲ್ಲಿ ಹುದುಗಿಸಿ, ಮೇಲೆ ತಟ್ಟು ಮುಚ್ಚಿದಳು. ಬೀಗರು ಬರುವ ದಿನ ಬೆಳಿಗ್ಗೆ ಬಿಚ್ಚಿ ನೋಡಿದರೆ ಎಲೆ ಹಳದಿ. ಎತ್ತಿದರೆ ತೊಟ್ಟು ಕಳಚಿ ಬೀಳುತ್ತಿದ್ದವು.

ಹುಚ್ಚವ್ವನ ಕಣ್ಣು ಒಮ್ಮೆ ಮಗಳ ಕಡೆ ಹೊರಳಿತು. ಹೆತ್ತ ಅವ್ವನ ಕಣ್ಣು. ಶಂಕ್ರೆವ್ವನಿಗೆ ಬಬಲೇಶ್ವರದಲ್ಲೂ ಅಷ್ಟು ನೋವಾಗಿರಲಿಲ್ಲ.

"ನಾ ಮುಟ್ಟಿಲ್ಲ ಬೇ. ಆ ಬುಟ್ಟಿ ಹತ್ರನೂ ಹೋಗಿಲ್ಲ."

"ನಾ ಏನರ ಅಂದ್ನೇನ?" ಎಂದು ಹುಚ್ಚವ್ವ ಮುಖ ತಿರುಗಿಸಿದಳು.

ಅವಳು ಮುಟ್ಟಿರಲಿಲ್ಲ. ಮೂರು ವರ್ಷದಿಂದ ಯಾವ ಎಲೆಯನ್ನೂ ಮುಟ್ಟಿರಲಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಾಗಾದರೆ ಇದು ಹೇಗೆ ಸತ್ತಿತು? ಆಗ ಅವಳು ಕೈ ಚಾಚಿ ಒಂದು ಹಳದಿ ಎಲೆಯನ್ನು ಎತ್ತಿ ಮೂಗಿಗೆ ಹಿಡಿದಳು. ಎಲೆಯ ಖಾರವಿಲ್ಲ. ಹಣ್ಣಿನ ವಾಸನೆ. ಆ ಕತ್ತಲೆ ಕೋಣೆ, ಆ ಮೂಲೆ, ಹುಲ್ಲಿನೊಳಗಿನ ಆ ಬೆಚ್ಚನೆಯ ಉಸಿರು ಎಲ್ಲ ಒಮ್ಮೆಲೇ ಎದುರಿಗೆ ಬಂದು ನಿಂತವು. ಎಲಿ ಕಳಿಸೀಯೋ ಮಾವಿನಹಣ್ಣ ಕಳಿಸೀಯೋ. ಅವಳು ಉಳಿದ ಹಳದಿ ಎಲೆಗಳನ್ನೂ ಒಂದೊಂದಾಗಿ ಎತ್ತಿ ಮೂಸಿದಳು.

ನಿಶ್ಚಯ ಮುಗಿದು ಬೀಗರು ಹೋದ ಮೇಲೆ, ಅವಳು ತಾನೇ ತಿಕೋಟಾಕ್ಕೆ ನಡೆದು ಹೋಗಿ ತಾಜಾ ಎಲೆ ತಂದಳು. ಒಂದೇ ಕಟ್ಟಿನ ಎಲೆಯನ್ನು ಎರಡು ಪಾಲು ಮಾಡಿದಳು. ಒಂದು ಪಾಲನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಉಳಿದ ಹಣ್ಣಿನ ಬುಟ್ಟಿಯಲ್ಲಿಟ್ಟಳು. ಇನ್ನೊಂದನ್ನು ಹಾಗೆಯೇ ಸುತ್ತಿ ದೂರದ ಗೋಡೆಯ ಗೂಡಿನಲ್ಲಿಟ್ಟಳು. ತನ್ನ ಮುಟ್ಟಿನ ದಿನ ಅದು. ಬೇಕೆಂದೇ ಆ ದಿನವನ್ನು ಕಾದಿದ್ದಳು. ಎರಡೂ ಪಾಲನ್ನು ತನ್ನ ಕೈಯಿಂದಲೇ ಒಂದೊಂದಾಗಿ ಮುಟ್ಟಿ, ಒರೆಸಿ ಇಟ್ಟಿದ್ದಳು. ಮೂರ್ನಾಲ್ಕು ದಿನಕ್ಕೆ ಹಣ್ಣಿನ ಜೊತೆಗಿದ್ದದ್ದು ಹಳದಿಯಾಯಿತು. ಗೂಡಿನಲ್ಲಿದ್ದದ್ದು ಹಸಿರಾಗಿಯೇ ಉಳಿಯಿತು. ಅವಳು ಎರಡನ್ನೂ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಅತ್ತಳು. ಸಂತೋಷಕ್ಕೆ ಅತ್ತಳೋ ಸಂಕಟಕ್ಕೆ ಅತ್ತಳೋ ನನಗೆ ಬೇರ್ಪಡಿಸಿ ಹೇಳಲು ಬರುವುದಿಲ್ಲ.

ಮರುದಿನ ಎರಡು ಕಟ್ಟನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡು ಹೊರಟುನಿಂತಳು. ಸಿದ್ದರಾಯ ಬಾಗಿಲಿಗೆ ಅಡ್ಡ ಬಂದ.

"ಎರಡನೇದಾಕಿ ಬಂದು ಕುಂತಾಳ. ಅಲ್ಲಿ ಹೋಗಿ ಏನ ಮಾಡ್ತಿ ಮಗಳ?"

"ಸಂಸಾರ ಮಾಡಾಕ ಹೊಂಟಿಲ್ಲಪ್ಪಾ. ಶಂಕ್ರೆವ್ವಂದು ತಪ್ಪಿಲ್ಲ ಅಂತ ಅವರ ಬಾಯಿಂದ ಒಂದ ಮಾತ ಬರ್ಲಿ. ಅಷ್ಟ ಸಾಕು."

ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ಗಂಡ ಬೇಡ, ಮನೆ ಬೇಡ, ಜೀವನಾಂಶ ಬೇಡ. ಒಂದು ಮಾತು.

ತಿಕೋಟಾದಿಂದ ಬಸ್ಸು ಹಿಡಿದು ವಿಜಾಪುರಕ್ಕೆ ಬಂದಳು. ಬಬಲೇಶ್ವರದ ಬಸ್ಸಿಗೆ ಇನ್ನೂ ಹೊತ್ತಿತ್ತು. ಸೈಫುದ್ದೀನನ ಅಂಗಡಿಗೆ ಹೋಗೋಣ, ಅಂದು ಹಣ್ಣಿನ ವಾಸನೆ ಮೊದಲು ಕಂಡವನು ಅವನೇ, ಸಾಕ್ಷಿಗೆ ಒಂದು ಮಾತು ಹೇಳುತ್ತಾನೆ ಎಂದುಕೊಂಡು ಎಲೆ ಬಜಾರಕ್ಕೆ ನಡೆದಳು. ಅವನು ಅವಳ ಮುಖವನ್ನು ಎಂದೂ ನೋಡಿದವನಲ್ಲ. ಮುದುಕನಾಗಿದ್ದ. ಅಂಗಡಿಯ ಮುಂದೆ ಕೂತು ಎಲೆ ಆರಿಸುತ್ತಿದ್ದ ಬೀಬಿಜಾನ ಎಂಬ ಹೆಂಗಸಿಗೆ ಹೇಳುತ್ತಿದ್ದ.

"ಇದರಾಗ ಶಂಕ್ರಿ ಭಾಳ ಅದಾವ ನೋಡವಾ. ಶಂಕ್ರಿ ಎಲ್ಲಾ ತಗದ ಬಾಜೂಕ ಒಗಿ."

ಬೀಬಿಜಾನ ಹಳದಿಯಾದ ಎಲೆಗಳನ್ನು ಆರಿಸಿ ಗಟಾರದ ಕಡೆ ಎಸೆಯುತ್ತಿದ್ದಳು. ಶಂಕ್ರೆವ್ವನಿಗೆ ಮೊದಲು ತನ್ನನ್ನೇ ಯಾರೋ ಕರೆದಂತಾಯಿತು. ಆಮೇಲೆ ಅರ್ಥವಾಯಿತು.

"ಶಂಕ್ರಿ ಅಂದ್ರ ಏನ್ರಿ?" ಎಂದು ಕೇಳಿದಳು.

"ಹಳದಿ ಬಿದ್ದ ಎಲಿ. ಈಗ ಎಲ್ಲಾರೂ ಹಂಗ ಅಂತಾರ. ಬಬಲೇಶ್ವರದ ಕಡೆ ಯಾವಳೋ ಒಬ್ಬಾಕಿ ಮುಟ್ಟಾಗಿ ಮುಚ್ಚಿಟ್ಟು ತ್ವಾಟ ಕೆಡಿಸಿದ್ಲಂತ. ಆಕಿ ಹೆಸರು. ಎಲಿ ಬೇಕೇನವಾ?"

ಅವಳಿಗೆ ಬೇಡವಾಗಿತ್ತು. ಸಾಕ್ಷಿಯೂ ಬೇಡವಾಗಿತ್ತು. ಅಪ್ಪ ಅವ್ವ ತೊಟ್ಟಿಲಲ್ಲಿ ಹಾಕಿ ಕರೆದ ಹೆಸರು ಗಟಾರದಲ್ಲಿ ತೇಲುತ್ತಿತ್ತು. ಇಷ್ಟು ದಿನ ಒಂದು ಮನೆಯವರು ಒಂದು ಮಾತು ಹೇಳಿದರೆ ಸಾಕು ಎಂದಿದ್ದಳು. ಈಗ ಆ ಮಾತು ಈ ಬಜಾರದ ತನಕ ಬರಬೇಕು, ಕಾಳವ್ವನೇ ಬಂದು ಈ ಅಂಗಡಿಯ ಮುಂದಿನ ಕಲ್ಲಿನ ಮೇಲೆ ನಿಂತು ಹೇಳಬೇಕು ಎಂದು ಮೈ ಉರಿಯಿತು. ಬಟ್ಟೆಗಂಟನ್ನು ಎದೆಗೆ ಒತ್ತಿ ಹಿಡಿದು ಬಸ್ಸು ಹತ್ತಿದಳು.

ಬಬಲೇಶ್ವರದಲ್ಲಿ ಇಳಿದಾಗ ಮಧ್ಯಾಹ್ನ. ಬಿಸಿಲಿಗೆ ಓಣಿಯಲ್ಲಿ ನಾಯಿಯೂ ಇರಲಿಲ್ಲ. ಮನೆಯ ತಲಬಾಗಿಲು ತೆರೆದಿತ್ತು. ಪಡಸಾಲೆಯಲ್ಲಿ ದುಂಡು ಮುಖದ ಹುಡುಗಿಯೊಬ್ಬಳು ಒದ್ದೆ ತಟ್ಟಿನ ಮುಂದೆ ಕೂತು ಎಲೆ ಜೋಡಿಸುತ್ತಿದ್ದಳು. ಕಾಲಿನಿಂದ ತೊಟ್ಟಿಲ ಹಗ್ಗ ಎಳೆಯುತ್ತಿದ್ದಳು. ಅವಳು ಸಕ್ರವ್ವ, ಎರಡನೆಯವಳು. ಬಾಗಿಲಲ್ಲಿ ನಿಂತ ಹೆಂಗಸನ್ನು ಕಂಡು ನಕ್ಕಳು.

"ಬರ್ರಿ ಯಕ್ಕಾ, ಬಿಸಲಾಗ ನಿಂತೀರಲ್ಲ. ಅತ್ತಿ ಹಿತ್ತಲದಾಗ ಅದಾರ. ನೀರ ಕುಡೀತೀರೇನ?"

ಬೆಲ್ಲ ಕೊಟ್ಟಳು, ತಂಬಿಗೆಯಲ್ಲಿ ನೀರು ಕೊಟ್ಟಳು. ಒಳ್ಳೆಯ ಹುಡುಗಿ. ಅವಳ ಮೇಲೆ ಸಿಟ್ಟು ಮಾಡಬೇಕೆಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದದ್ದು ಶಂಕ್ರೆವ್ವನಿಗೆ ಕೈಗೆ ಬರಲಿಲ್ಲ. ನೀರು ಕುಡಿಯುವಾಗ ಮಾವಿನ ವಾಸನೆ ಬಂತು. ಆದರೆ ಅದು ಎಲೆಕೋಣೆಯಿಂದ ಬರುತ್ತಿರಲಿಲ್ಲ. ಅಂಗಳದ ಆಚೆ, ದನದ ಕೊಟ್ಟಿಗೆಯ ಕಡೆಯಿಂದ ಬರುತ್ತಿತ್ತು.

"ಅಡಿ ಹಾಕೀರೇನ?"

"ಹೂಂನ್ರಿ. ಕೊಟಗ್ಯಾಗ ಹಾಕ್ಯಾರ. ಒಳಗ ಹಾಕಂಗಿಲ್ಲ. ಎಲಿ ಬಾಜೂಕ ಹಣ್ಣ ಇಟ್ರ ಎಲಿ ಶಂಕ್ರಿ ಆಗ್ತಾವ."

ಶಂಕ್ರೆವ್ವ ತಂಬಿಗೆಯನ್ನು ನೆಲಕ್ಕಿಟ್ಟಳು. "ಯಾರ ಹೇಳಿದ್ರ ತಂಗಿ ಇದನ್ನ?"

"ನಮ್ಮ ಅತ್ತೀನ ಕಂಡ ಹಿಡದ್ರು" ಎಂದು ಸಕ್ರವ್ವ ಹೆಮ್ಮೆಯಿಂದಲೇ ಹೇಳಿದಳು. "ನಾ ಬಂದ ವರ್ಷ ಮರ ಕಾಯಿ ಹಿಡೀಲಿಲ್ಲ. ಹೋದ ವರ್ಷ ಹಿಡೀತು, ಒಳಗ ಅಡಿ ಹಾಕಿದ್ರು, ಎಲಿ ಎಲ್ಲಾ ಹಳದಿ ಬಿತ್ತು. ನಾ ಹಡ್ಯಾಕ ತವರಮನಿಗಿ ಹೋಗಿದ್ದೆ. ಮನ್ಯಾಗ ಅತ್ತಿ ಒಬ್ರ. ಅವರಿಗೇನ, ಮುಟ್ಟ ನಿಂತು ಯಾವ ಕಾಲಾತೋ. ಯಾರ ಮುಟ್ಟೀರಂತ ಅನ್ನಾಕ ಯಾರೂ ಇದ್ದಿಲ್ಲ. ಆವಾಗ ಹುಡಿಕ್ಯಾಡಿ ಹುಡಿಕ್ಯಾಡಿ ನೋಡಿದ್ರಂತ, ಹಣ್ಣಿಂದ ಅಂತ ಗೊತ್ತಾತು."

ತಪ್ಪು ಹೊರಿಸಲು ಮನೆಯಲ್ಲಿ ಯಾರೂ ಉಳಿಯದೇ ಹೋದಾಗ ಕಣ್ಣು ತೆರೆದಿತ್ತು. ಹೋದ ವರ್ಷವೇ ತೆರೆದಿತ್ತು. ಒಂದು ವರ್ಷದಿಂದ ಈ ಮನೆಯವರಿಗೆ ಎಲ್ಲ ಗೊತ್ತಿತ್ತು. ಆ ಒಂದು ವರ್ಷ ಬಿಜ್ಜರಗಿಯಲ್ಲಿ ಅವಳು ತನ್ನ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಿರುಗಿದ್ದಳು.

ಹಿತ್ತಲ ಬಾಗಿಲಲ್ಲಿ ಕಾಳವ್ವ ಕಾಣಿಸಿಕೊಂಡಳು. ಬಿಸಿಲಿನಿಂದ ಒಳಗೆ ಬಂದವಳಿಗೆ ಮೊದಲು ಗುರುತು ಹತ್ತಲಿಲ್ಲ. ಹತ್ತಿದಾಗ ಅಲ್ಲೇ ನಿಂತಳು. ಶಂಕ್ರೆವ್ವ ಗಂಟು ಬಿಚ್ಚಿ ಹಳದಿ ಎಲೆಯ ಕಟ್ಟು, ಹಸಿರು ಎಲೆಯ ಕಟ್ಟು ಎರಡನ್ನೂ ಹೊಸ್ತಿಲ ಮೇಲೆ ಪಕ್ಕಪಕ್ಕ ಇಟ್ಟಳು.

"ಗೊತ್ತೈತಿ" ಎಂದಳು ಕಾಳವ್ವ, ಮೆಲ್ಲಗೆ. "ಬರಬೇಕಂತ ಮಾಡಿದ್ದೆ. ಏನಂತ ಬರ್ಲಿ? ಇಕಿ ಬಾಣಂತಿ ಇದ್ಲು."

"ನಾನೂ ಬಸರಿದ್ದೆ ಅತ್ತಿ."

ತೊಟ್ಟಿಲ ಹಗ್ಗ ನಿಂತಿತು. ಕೂಸು ಕುಂಯ್ ಎಂದಿತು. ಸಕ್ರವ್ವ ಒಮ್ಮೆ ಅತ್ತೆಯನ್ನು, ಒಮ್ಮೆ ಬಂದವಳನ್ನು ನೋಡಿದಳು.

"ಯಾರ್ರಿ ಅತ್ತಿ ಇವರು?"

ಆ ಒಂದು ಗಳಿಗೆಯಲ್ಲಿ ಕಾಳವ್ವ ಎಲ್ಲವನ್ನೂ ತೀರಿಸಿಬಿಡಬಹುದಿತ್ತು. ಬಜಾರದ ಕಲ್ಲಿನ ಮೇಲೆ ನಿಲ್ಲುವುದೂ ಬೇಡ, ಈ ಹುಡುಗಿಯ ಮುಂದೆ ಒಂದು ಮಾತು. ಶಂಕ್ರೆವ್ವ ಅವಳ ಬಾಯನ್ನೇ ನೋಡುತ್ತ ನಿಂತಳು. ಮೂರು ವರ್ಷದ ಹಸಿವಿನಿಂದ ನೋಡುತ್ತ ನಿಂತಳು.

"ತಿಕೋಟಾ ಕಡ್ಯಾಕಿ" ಎಂದಳು ಕಾಳವ್ವ. "ಎಲಿ ಕೇಳಾಕ ಬಂದಾಳ. ಒಂದ ಕಟ್ಟ ಚಲೋದ ನೋಡಿ ಕೊಡ."

ಸಕ್ರವ್ವ ಚೊಕ್ಕ ಹುಡುಗಿ, ಅತ್ತೆಯ ಮಾತು ಮೀರದವಳು. ಗಿಳಿಹಸಿರು ಎಲೆಯ ಒಂದು ಕಟ್ಟನ್ನು ಎತ್ತಿ ತಿರುಗಿಸಿ ನೋಡಿ, ನಡುವೆ ಸಿಕ್ಕ ಒಂದು ಹಳದಿಯನ್ನು ಕಿತ್ತು ಬದಿಯ ರಾಶಿಗೆ ಎಸೆದಳು.

"ಒಂದ ಶಂಕ್ರಿ ಇತ್ರಿ. ತಗದೀನಿ. ತಗೋರಿ ಯಕ್ಕಾ" ಎಂದು ಕಟ್ಟನ್ನು ಚಾಚಿದಳು. "ನಿಮ್ಮ ಹೆಸರೇನ್ರಿ?"

"ಶಂಕ್ರೆವ್ವ."

ಸಕ್ರವ್ವ ಮೊದಲು ನಕ್ಕಳು, ಚೇಷ್ಟೆ ಎಂದುಕೊಂಡು. ಆಮೇಲೆ ಅತ್ತೆಯ ಮುಖ ನೋಡಿದಳು. ಚಾಚಿದ ಕೈ ಚಾಚಿದಂತೆಯೇ ಉಳಿಯಿತು. ನಂತರ ಇನ್ನೊಂದು ಕೈಯಿಂದ, ಯಾರೂ ಹೇಳದೆಯೇ, ಬದಿಗೆ ಬಿದ್ದಿದ್ದ ಹಳದಿ ಎಲೆಗಳ ರಾಶಿಯ ಮೇಲೆ ಸೆರಗು ಎಳೆದಳು.

ಶಂಕ್ರೆವ್ವ ಹಸಿರು ಕಟ್ಟನ್ನು ತೆಗೆದುಕೊಳ್ಳಲಿಲ್ಲ. ಹೊಸ್ತಿಲ ಮೇಲೆ ತಾನು ಇಟ್ಟಿದ್ದ ಕಟ್ಟುಗಳನ್ನೂ ಎತ್ತಲಿಲ್ಲ. ಖಾಲಿ ಬಟ್ಟೆಯನ್ನು ಕೊಡವಿ ಹೆಗಲ ಮೇಲೆ ಹಾಕಿಕೊಂಡಳು.

"ಮುಚ್ಚಬ್ಯಾಡ ತಂಗಿ" ಎಂದಳು. "ಕುರಿಗಿ ಹಾಕು. ಅವು ತಿಂತಾವ, ಅವಕ್ಕ ಹೆಸರ ಗೊತ್ತಿಲ್ಲ."